ಸಿಗ್ನೆ ಅಳೆಯದೆ ಕೊಟ್ಟ ಡಬ್ಬಿ

ಸ್ವೀಡನ್ನಿನ ಆ ಕಾಡೂರಿನಲ್ಲಿ ಸಿಗ್ನೆ ಮದ್ದು ತುಂಬಿದ ಕೋವಿ ತೋಟಾ ಎಂದರೆ ಎಲ್ಲರೂ ಕಣ್ಣು ಮುಚ್ಚಿ ನಂಬುತ್ತಿದ್ದರು. ಮೊದಲು ಮದ್ದಿಲ್ಲದ ತೋಟಾ ಒಂದನ್ನು ಮಾಡಿ, ಅದರ ಗುಂಡಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಕೋವಿಯಲ್ಲಿಟ್ಟು, ಅದರ ಹಿಂಬದಿ ಮುಚ್ಚುವ ಬೋಲ್ಟ್ ಹಾಕಿ ತೆಗೆಯುವಳು. ನಳಿಗೆಯ ಗೆರೆಗಳು ಮಸಿಯ ಮೇಲೆ ಗೀರಿದ್ದರೆ ಗುಂಡನ್ನು ಕೂದಲೆಳೆಯಷ್ಟು ಒಳಗೊತ್ತಿ ಮತ್ತೆ ನೋಡುವಳು. ಗೀರು ಬೀಳದ ಉದ್ದವೇ ಆ ಕೋವಿಯ ತೋಟಾದ ಉದ್ದ. ಒಂದೊಂದು ಕೋವಿಗೂ ಹೆಸರು ಬರೆದ ಬೇರೆ ಡಬ್ಬಿ.

ಸಿಗ್ನೆಯ ತೀರಿಹೋದ ಗಂಡ ಹಿಲ್ಡಿಂಗನ ಕೋವಿಗೆ ಮಗಳು ಲೋವಿಸಾ ಆ ಬೇಸಿಗೆಯಲ್ಲಿ ಹೊಸ ನಳಿಗೆ ಹಾಕಿಸಿದ್ದಳು. ಕರಡಿ ಬೇಟೆಯ ಹಿಂದಿನ ದಿನ ಲೋವಿಸಾಳ ಮಗು ಎಬ್ಬಾಗೆ ಜ್ವರ ಏರಿತು. ಸಿಗ್ನೆ ಮಧ್ಯಾಹ್ನದಿಂದ ಮೊಮ್ಮಗಳನ್ನು ಮಡಿಲಿನಿಂದ ಇಳಿಸಿರಲಿಲ್ಲ.

"ಅಪ್ಪನ ಡಬ್ಬಿನೇ ತಗೊಂಡ್ಹೋಗ್ತೀನಮ್ಮ. ಅದೇ ಕೋವಿ ತಾನೆ."

"ನಳಿಗೆ ಹೊಸದು ಕಣೇ. ಅಳೀಬೇಕು."

"ಮೊದಲು ಈ ಜ್ವರ ಅಳೆ."

ಹಳೆಯ ನಳಿಗೆ ಮೂವತ್ತು ವರ್ಷದ ಬೆಂಕಿಗೆ ಒಳಗೆ ಸವೆದಿತ್ತು. ಆ ಡಬ್ಬಿಯ ತೋಟಾಗಳು ಅದಕ್ಕೆ ತಕ್ಕಂತೆ ಉದ್ದವಾಗಿದ್ದವು; ಸವೆಯದ ಹೊಸ ನಳಿಗೆಯಲ್ಲಿ ಗುಂಡು ಕಚ್ಚಿಕೊಳ್ಳಬಹುದಿತ್ತು. ಸಿಗ್ನೆಗೆ ಅದು ಗೊತ್ತಿತ್ತು. ಆದರೆ ಕೈಗೆ ತಾಗುತ್ತಿದ್ದ ಸುಡುವ ಹಣೆಯ ಮುಂದೆ ಬೇರೇನೂ ತೋಚಲಿಲ್ಲ. ಹೂಂ ಅಂದುಬಿಟ್ಟಳು.

ಬೆಳಿಗ್ಗೆ ಜ್ವರ ಇಳಿದಿತ್ತು. ಮಗುವನ್ನು ಅಳಿಯನಿಗೆ ಒಪ್ಪಿಸಿ ತಾಯಿ ಮಗಳು ಕಾಡಿಗೆ ಹೋದರು. ಇಬ್ಬರೂ ಅರವತ್ತು ಹೆಜ್ಜೆ ಅಂತರದಲ್ಲಿ ನಿಂತರು. ಬೇಟೆಗಾರರ ವೈರ್‌ಲೆಸ್ ರೇಡಿಯೋದಲ್ಲಿ ಲೋವಿಸಾ ಹೇಳಿದಳು: "ಬೋಲ್ಟ್ ಯಾಕೋ ಬಿಗಿ. ಅಂಗೈಲಿ ಗುದ್ದಿ ಮುಚ್ಚಿದೆ."

ಬೇಟೆಗೆ ಬಂದು ಆಚೆ ಗುಡ್ಡದಲ್ಲಿ ನಿಂತಿದ್ದ ನೆರೆಮನೆಯ ಅಲ್ಗೋಟ್ ರೇಡಿಯೋದಲ್ಲೇ ನಕ್ಕ. "ಗಂಡನ್ನ ಕರೀಬೇಕಿತ್ತು."

"ಅವನಿಗೆ ಉಪ್ಪಿನಕಾಯಿ ಬಾಟ್ಲಿ ತೆಗೆಯೋಕೇ ಬರಲ್ಲ ಮಾರಾಯ."

ಸಿಗ್ನೆ ರೇಡಿಯೋವನ್ನು ಬಾಯಿಗೆ ಒತ್ತಿಕೊಂಡಳು. "ಹಾರಿಸ್ಬೇಡ. ತೆಗೆದುಬಿಡು ಅದನ್ನ. ನಾ ಬರ್ತೀನಿ."

ಲೋವಿಸಾ ಬೋಲ್ಟ್ ಎಳೆದಳು. ಬಂದದ್ದು ಬರೀ ಹಿತ್ತಾಳೆ ಕೊಳವೆ. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಮದ್ದು ಸಾಸಿವೆಯಂತೆ ಕೋವಿಯೊಳಗೆಲ್ಲ ಚೆಲ್ಲಿತು. ಅದೇ ಹೊತ್ತಿಗೆ ಅಲ್ಗೋಟನ ಕೋವಿ ಗುಡುಗಿತು. ಅವನ ಬೇಟೆನಾಯಿ ಕಿರುಚಿತು.

ಹೊಟ್ಟೆಗೆ ಗುಂಡು ತಿಂದ ಕರಡಿ ಪೊದೆ ಸೀಳಿಕೊಂಡು ಬಂತು. ಲೋವಿಸಾ ಇನ್ನೊಂದು ತೋಟಾ ತುರುಕಿದಳು, ಹೋಗಲಿಲ್ಲ. ಕೋವಿಯ ಹಿಡಿ ತಿರುಗಿಸಿ ಮೂತಿಗೆ ಬಡಿದಳು. ಮರದ ಹಿಡಿ ಸೀಳಿತು. ಕರಡಿ ಅವಳನ್ನು ಕೆಡವಿ ಎಡಗೈ ಕಚ್ಚಿ ಕೊಡವಿತು. ಮೂಳೆ ಮುರಿದ ಸದ್ದು ಓಡಿಬರುತ್ತಿದ್ದ ಸಿಗ್ನೆಗೆ ಕೇಳಿಸಿತು. ದೂರದಿಂದ ಹಾರಿಸುವಂತಿಲ್ಲ. ಮಗಳ ಕೂದಲೂ ಕರಡಿಯ ಕೂದಲೂ ಒಂದೇ ರಕ್ತದಲ್ಲಿ ಕಲಸಿದ್ದವು. ಸಿಗ್ನೆ ಕರಡಿಯ ಬೆನ್ನಿಗೇ ಆತುಕೊಂಡು, ತನ್ನ ಕೋವಿಯ ನಳಿಗೆಯನ್ನು ಅದರ ಕಿವಿಯ ಬುಡಕ್ಕೆ ಒತ್ತಿ ಹಾರಿಸಿದಳು. ಬಿಸಿ ರಕ್ತ, ಮೂಳೆಯ ಚೂರು ಮುಖಕ್ಕೆ ಸಿಡಿದವು. ಸತ್ತ ಮೇಲೂ ಕರಡಿಯ ಹಲ್ಲು ಕೈಯನ್ನು ಬಿಡಲಿಲ್ಲ. ಚಾಕು ತೂರಿಸಿ ದವಡೆ ಬಿಡಿಸಬೇಕಾಯಿತು.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಲೋವಿಸಾ ಕಣ್ಣು ತೆರೆದು ಮಾತಾಡಿದಳು. ಎಡಗೈಯಲ್ಲಿ ಮೂರೇ ಬೆರಳು ಉಳಿದಿದ್ದವು.

"ಅಳೆದ್ಯಾ?"

"ಅಳೆದೆ. ಅಪ್ಪನ ತೋಟಾ ಒಂದೂವರೆ ಮಿಲಿಮೀಟರ್ ಜಾಸ್ತಿ ಉದ್ದ."

ಲೋವಿಸಾ ಬ್ಯಾಂಡೇಜನ್ನು ನೋಡಿದಳು. "ಅಷ್ಟಕ್ಕೆ ಇಷ್ಟಾ."

"ಹೂಂ ಅಂದೋಳೂ ನಾನೇ, ಹಾರಿಸದೆ ತೆಗಿ ಅಂದೋಳೂ ನಾನೇ."

"ಎಬ್ಬಾಗೆ ಜ್ವರ?"

"ಮತ್ತೆ ಬಂದಿಲ್ಲ."

ಸಿಗ್ನೆ ಜೇಬಿನಿಂದ ಹೊಸ ನಳಿಗೆಗೆ ಅಳೆದು ಮಾಡಿದ, ಮಸಿ ಹಿಡಿಸಿದ ಮದ್ದಿಲ್ಲದ ತೋಟಾ ತೆಗೆದು ಹೊದಿಕೆಯ ಮೇಲಿಟ್ಟಳು. ಲೋವಿಸಾ ಬಲಗೈಯಲ್ಲಿ ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದಳು. ಮಸಿಯ ಮೇಲೆ ಗೀರು ಇರಲಿಲ್ಲ. ಆದರೂ ಇನ್ನೊಮ್ಮೆ ತಿರುಗಿಸಿ ನೋಡಿದಳು.