ಗುರುಬಸಪ್ಪನವರ ತಲೆಯೆಣಿಕೆ

ಗುರುಬಸಪ್ಪನವರು ನನ್ನ ಹೋಟೆಲಿಗೆ ಬಂದರೆ ಮೊದಲು ನೋಡುತ್ತಿದ್ದದ್ದು ಹಿಂಬಾಗಿಲನ್ನು, ಆಮೇಲೆ ನಮ್ಮ ಮುಖಗಳನ್ನು. ಬಾಗಿಲಿಗೆ ಒಂದು ಈರುಳ್ಳಿ ಮೂಟೆ ಅಡ್ಡವಿದ್ದರೆ ಮುಗಿಯಿತು, ಅದು ಸರಿಯುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ. ಅಗ್ನಿಶಾಮಕ ದಳದಿಂದ ನಿವೃತ್ತರಾದ ಮೇಲೆ ಅವರು ಹೋಟೆಲಿನವರಿಗೆ ಬೆಂಕಿ ಆರಿಸುವ ಸಿಲಿಂಡರ್ ಬಳಸುವುದನ್ನು ಹೇಳಿಕೊಡುತ್ತಿದ್ದರು. ದೇವರಾಜ ಮೊಹಲ್ಲಾದಲ್ಲಿ ನಾನು ನಡೆಸುತ್ತಿದ್ದ ಪುಟ್ಟ ಹೋಟೆಲಿಗೂ ತೊಂಬತ್ತರ ದಶಕದುದ್ದಕ್ಕೂ ತಪ್ಪದೆ ಬಂದರು.

ಹಿತ್ತಲಲ್ಲಿ ಹಳೇ ಬಾಣಲೆಗೆ ಬೆಂಕಿ ಹಚ್ಚಿ, ಒಬ್ಬೊಬ್ಬರ ಕೈಯಲ್ಲೂ ಸಿಲಿಂಡರಿನ ಪಿನ್ ಎಳೆಸುತ್ತಿದ್ದರು. ಮೊದಲು ಗ್ಯಾಸ್ ಬಂದ್ ಮಾಡಬೇಕು, ಉರಿಯುವ ಎಣ್ಣೆಗೆ ಅಪ್ಪಿತಪ್ಪಿಯೂ ನೀರು ಹಾಕಬಾರದು, ದೂರ ನಿಂತು ಉರಿಯ ಬುಡಕ್ಕೇ ಹಿಡಿಯಬೇಕು. ಕೊನೆಗೆ ಪ್ರತಿ ಸಲವೂ ಒಂದೇ ಮಾತು: "ಬಾಗಿಲು ಬೆನ್ನಿಗಿರ್ಲಿ. ಒಂದು ಸಿಲಿಂಡರಿಗೆ ಆರ್ಲಿಲ್ವಾ, ಎಲ್ಲಾ ಬುಟ್ಬುಟ್ಟು ಹೊರಗೆ ಬನ್ನಿ. ಬಂದು ತಲೆ ಎಣಿಸಿ."

ಒಂದು ಆಯುಧಪೂಜೆಗೆ ನಾನು ಸಿಲಿಂಡರಿಗೂ ಕುಂಕುಮವಿಟ್ಟು, ಸೇವಂತಿಗೆ ಹಾರವನ್ನು ಪಿನ್ನಿನ ಸುತ್ತ ಬಿಗಿದು ಕಟ್ಟಿದ್ದೆ. ಮರುವಾರ ಬಂದವರು ಎಳೆಯಿರಿ ಅಂದರು. ಎಳೆದೆ, ಎಳೆದೆ, ಜಪ್ಪಯ್ಯ ಅಂದರೂ ಬರಲಿಲ್ಲ. ನಮ್ಮ ಅಡುಗೆ ಭಟ್ಟರು ಮುಸಿಮುಸಿ ನಕ್ಕರು. ಗುರುಬಸಪ್ಪನವರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಚಪ್ಪಲಿ ಕಳಚಿ, ಸಿಲಿಂಡರಿಗೆ ಕೈಮುಗಿದು, ದಾರ ಬಿಚ್ಚಿ, ಹಾರವನ್ನು ಮೇಲಿನ ಮೊಳೆಗೆ ಹಾಕಿದರು.

"ಪೂಜೆ ಮಾಡಿ ಕಣಮ್ಮ, ಬೇಡ ಅನ್ನಲ್ಲ. ದೇವ್ರ ಕೈ ಕಟ್ಬೇಡಿ, ಅಷ್ಟೇ."

ಮುಂದಿನ ವರ್ಷ ಬೋಂಡಾ ಬಾಣಲೆ ಹೊತ್ತಿಕೊಂಡಿತು. ಗ್ಯಾಸ್ ಬಂದ್ ಮಾಡಿದೆ. ಪಿನ್ ಸರಕ್ಕನೆ ಬಂತು. ಆದರೆ ಸಿಲಿಂಡರ್ ಬರಿದಾದರೂ ಉರಿ ಆರದೆ ಜಿಡ್ಡುಗಟ್ಟಿದ ಚಿಮಣಿಗೆ ಏರಿತು. ಭಟ್ಟರು ಒಲೆ ಬಿಟ್ಟು ಕದಲರು. ಅವರ ಹೆಗಲ ಟವೆಲು ಹಿಡಿದು ದರದರ ಎಳೆದುಕೊಂಡೇ ಬೀದಿಗೆ ಬಂದೆ. ನಿಂತು ತಲೆ ಎಣಿಸಿದೆ. ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಅಡುಗೆಮನೆ ಕರಕಲಾಗಿತ್ತು.

ಮರುದಿನ ಗುರುಬಸಪ್ಪನವರು ಬಂದಾಗ ನನಗೆ ತಲೆಯೆತ್ತಲಾಗಲಿಲ್ಲ. ಇಷ್ಟು ವರ್ಷ ನೀವು ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಅತ್ತುಬಿಟ್ಟೆ. ಅವರು ಕಪ್ಪಾದ ಗೋಡೆಯತ್ತ ನೋಡಲೇ ಇಲ್ಲ.

"ಒಳಗೆ ಎಷ್ಟು ಜನ ಇದ್ರಿ?"

"ಆರು."

"ಹೊರಗೆ ಎಷ್ಟು ಜನ ಬಂದ್ರಿ?"

"ಆರೂ ಬಂದ್ವಿ."

"ಮತ್ಯಾಕಮ್ಮ ಅಳ್ತೀರಿ? ಗೋಡೆಗೆ ಸುಣ್ಣ ಹೊಡಿಸ್ಬೋದು."

ಅಂಥ ಗುರು ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ರಾಮಕೃಷ್ಣನಗರದ ಅವರ ಮನೆಗೆ ಅದೇ ಆರು ಜನ ಹೋದೆವು. ಕೊನೆಯ ದರ್ಶನ ಮಾಡಿ, ಬೀದಿಗೆ ಬಂದು, ಅಭ್ಯಾಸಬಲದಿಂದ ತಲೆ ಎಣಿಸಿದೆ. ಆರೂ ಇದ್ದೆವು. ಹೊರಗೆ ಬರುವುದನ್ನು ಕಲಿಸಿದವರು ಮಾತ್ರ ಒಳಗೇ ಉಳಿದಿದ್ದರು.