ಚಟಾಕಿಯ ಪರದೇಶ

ಅವಳ ತಾಯಿಯದು ಎರಡು ಕುರ್ಚಿಗಳ ಬ್ಯೂಟಿ ಪಾರ್ಲರ್. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ದೊಡ್ಡ ಕನ್ನಡಿ ತೂಗುಹಾಕಿ ಕತ್ತರಿ ಹಿಡಿದಿದ್ದಳು. ಅಲ್ಲಿಗೆ ಬರುವ ಹೆಂಗಸರಿಗೆ ಕೂದಲು ಕತ್ತರಿಸುವುದು ಒಂದು ನೆಪ. ಬೇಕಾಗಿದ್ದುದು ತಾಯಿ ಮಗಳ ಮಾತು. ತಾಯಿ ಮುಖ ಗಂಟಿಕ್ಕಿಕೊಂಡೇ ಒಂದು ಮಾತು ಎಸೆಯುವಳು. ಮೂಲೆಯ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತ ಮಗಳು ಅದಕ್ಕೆ ಬಾಲ ಅಂಟಿಸುವಳು. ಬ್ಯಾಂಕಿನ ಮ್ಯಾನೇಜರು ನಡೆಯುವುದು, ಪಕ್ಕದ ಮನೆಯಾಕೆ ಸೀನುವುದು, ಎಲ್ಲವನ್ನೂ ಮಾಡಿ ತೋರಿಸುವಳು. ನಕ್ಕು ತಲೆ ಅಲ್ಲಾಡಿಸಿ ಎಷ್ಟೋ ಜನ ಕೂದಲು ಓರೆಕೋರೆ ಮಾಡಿಸಿಕೊಂಡು ಹೋಗಿದ್ದರು. ಬೀದಿಯವರು ಮಗಳನ್ನು ಕರೆಯುತ್ತಿದ್ದುದೇ ಚಟಾಕಿ ಎಂದು.

ನೀರಿನ ಪರೀಕ್ಷೆಯ ವಿಷಯದಲ್ಲಿ ಹೆಚ್ಚಿನ ಓದಿಗೆ ಅವಳಿಗೆ ಪರದೇಶದಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಹೊರಡುವ ದಿನ ತಾಯಿ ಅಳಲಿಲ್ಲ. "ಅಲ್ಲಿಯವರನ್ನ ನಗಿಸಿ ನಗಿಸಿ ಸುಸ್ತು ಮಾಡ್ಬೇಡ. ಪಾಸ್ ಮಾಡೋರು ಅವರೇ" ಎಂದಳು.

ಹೋದ ಹೊಸತರಲ್ಲಿ ಕ್ಯಾಂಟೀನಿನಲ್ಲಿ ಕೂತಾಗ ಚಟಾಕಿ ಪ್ರೊಫೆಸರರ ನಡಿಗೆಯನ್ನು ಮಾಡಿ ತೋರಿಸಿದಳು. ಮೇಜಿನ ಸುತ್ತ ಯಾರೂ ನಗಲಿಲ್ಲ. ಸಹಪಾಠಿಯೊಬ್ಬಳು ಮೆಲ್ಲಗೆ, ಬೈಯುವ ಧಾಟಿಯಲ್ಲೇನೂ ಅಲ್ಲ, "ಅವರಿಗೆ ಮಂಡಿನೋವು ಇದೆ" ಎಂದಳು. ಚಟಾಕಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ಪ್ರತಿ ಮಾತನ್ನೂ ತೂಗಿ ನೋಡಿ ಆಡತೊಡಗಿದಳು. ತೂಗಿ ಮುಗಿಯುವಷ್ಟರಲ್ಲಿ ಉಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಹಾಗಾಗಿ ಸುಮ್ಮನಿರುವುದೇ ಅಭ್ಯಾಸವಾಯಿತು. ಅಲ್ಲಿಯವರು ಅದನ್ನು ಮೆಚ್ಚಿದರು. ಎಷ್ಟು ಶಾಂತ ಸ್ವಭಾವ, ಎಷ್ಟು ಗಂಭೀರ ಎಂದರು. ನಿಜ ಹೇಳಬೇಕೆಂದರೆ ಅವಳಿಗೂ ಅದು ಹಿಡಿಸಿತು. ಹುಟ್ಟಿದಾಗಿನಿಂದ ಅವಳನ್ನು ಗಂಭೀರ ಎಂದವರು ಯಾರಿದ್ದರು?

ಓದು ಮುಗಿಸಿ ಊರಿಗೆ ಬಂದಾಗ ಪಾರ್ಲರಿನ ಕೋಣೆ ಕಿಕ್ಕಿರಿದಿತ್ತು. ತಾಯಿ ನೀರು ಕೊಟ್ಟಳು. ಮಗಳು "ಥ್ಯಾಂಕ್ಸ್ ಅಮ್ಮ" ಎಂದಳು.

"ನೀರು ತಾನೇ ಕೊಟ್ಟಿದ್ದು, ಕಿಡ್ನಿ ಅಲ್ವಲ್ಲ" ಎಂದಳು ತಾಯಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನು ಮಗಳ ಸರದಿ ಎಂದು ಅವಳ ಮುಖ ನೋಡಿದರು. ಅವಳು ಮುಗುಳ್ನಕ್ಕಳು, ಅಷ್ಟೇ.

ಹಳೆಯ ಗಿರಾಕಿಯೊಬ್ಬಳು ಬಿಡಲಿಲ್ಲ. "ಪಕ್ಕದ ಮನೆಯವಳ ಸೀನು ಒಂದ್ಸಲ ಮಾಡೇ ಚಟಾಕಿ, ಕೇಳಿ ಎಷ್ಟು ವರ್ಷ ಆಯ್ತು!"

ಚಟಾಕಿ ಎದ್ದು ನಿಂತಳು. ಮೂಗಿನ ತನಕ ಕೈ ಹೋಯಿತು. ಆದರೆ ಪಕ್ಕದ ಮನೆಯಾಕೆಗೆ ಏನಾದರೂ ಕಾಯಿಲೆ ಇದ್ದಿರಬಹುದೇ ಎಂಬ ಯೋಚನೆ ಬಂದು ಕೈ ಕೆಳಗಿಳಿಯಿತು. "ಬೇಡ ಬಿಡಿ, ಪಾಪ" ಎಂದಳು. ಕೋಣೆ ತಣ್ಣಗಾಯಿತು. ಗಿರಾಕಿ, ತಾನೇ ಏನೋ ತಪ್ಪು ಮಾಡಿದವಳಂತೆ, ಸೆರಗು ಸರಿಮಾಡಿಕೊಂಡಳು.

ತಿಂಗಳು ತುಂಬುವ ಮೊದಲೇ ಪರದೇಶದ ಪ್ರಯೋಗಾಲಯವೊಂದರಿಂದ ಕೆಲಸದ ಕರೆ ಬಂತು. ಹೊರಟುಬಿಟ್ಟಳು. ತಾಯಿ ತಡೆಯಲಿಲ್ಲ.

ಎರಡು ವರ್ಷದ ನಂತರ ತಾಯಿಯನ್ನು ಕರೆಸಿಕೊಂಡಳು. ಮಗಳ ಮನೆ ಚೊಕ್ಕಟವಾಗಿತ್ತು, ಸದ್ದಿಲ್ಲದೆ ಇತ್ತು. ಮೆಟ್ಟಿಲಲ್ಲಿ ಎದುರಾದವರಿಗೆಲ್ಲ ತಾಯಿ ತನ್ನ ಭಾಷೆಯಲ್ಲೇ "ಏನಪ್ಪಾ, ಆರಾಮಾ?" ಎಂದು ಕೇಳುತ್ತಿದ್ದಳು. ಅವರು ಗಾಬರಿಯಾಗಿ ತಲೆಯಾಡಿಸುತ್ತಿದ್ದರು.

ಒಂದು ಭಾನುವಾರ ಪ್ರಯೋಗಾಲಯದ ಮುಖ್ಯಸ್ಥರು ಇಬ್ಬರನ್ನೂ ಊಟಕ್ಕೆ ಕರೆದರು. ಅವರದು ಪೂರ್ತಿ ಬೋಳು ತಲೆ, ಮಿರಮಿರ ಮಿಂಚುತ್ತಿತ್ತು. "ನಿಮ್ಮ ತಾಯಿ ಕೇಶವಿನ್ಯಾಸ ಮಾಡುತ್ತಾರಂತೆ, ಎಷ್ಟು ಸೊಗಸು" ಎಂದು ಅವರು ಹೇಳಿದ್ದನ್ನು ಮಗಳು ತಿಳಿಸಿದಳು.

ತಾಯಿ ಆ ತಲೆಯನ್ನೊಮ್ಮೆ ಕಣ್ತುಂಬ ನೋಡಿ, ಮುಖ ಗಂಟಿಕ್ಕಿಕೊಂಡು, "ಗಿರಾಕಿಗಳೆಲ್ಲ ಇವರ ಥರಾನೇ ಇದ್ದಿದ್ರೆ, ಕತ್ತರಿ ಮಾರಿ ಒಂದು ಒರೆಸೋ ಬಟ್ಟೇಲೇ ಅಂಗಡಿ ನಡೆಸ್ತಿದ್ದೆ ಅಂತ ಹೇಳು" ಎಂದಳು.

ಮಗಳು ಅವರ ಕಡೆ ತಿರುಗಿದಳು. "ನಿಮ್ಮನ್ನು ಕಂಡು ಅಮ್ಮನಿಗೆ ಬಹಳ ಸಂತೋಷವಾಗಿದೆಯಂತೆ" ಎಂದಳು. ಮುಖ್ಯಸ್ಥರು ಎದೆಯ ಮೇಲೆ ಕೈಯಿಟ್ಟು ವಿನಯದಿಂದ ಬಾಗಿದರು. ತಾಯಿ ಮಗಳನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಕೇಳಿದಳು: "ನಾನು ಹೇಳಿದ್ದನ್ನ ಹೇಳಿದ್ಯಾ?"

"ಹೇಳಿದೆ."

"ಹೇಳಿದ್ರೆ ಮನುಷ್ಯ ಒಂದೋ ನಗ್ಬೇಕಿತ್ತು, ಇಲ್ಲ ಸಿಟ್ಟಾಗ್ಬೇಕಿತ್ತು. ಎರಡೂ ಆಗ್ಲಿಲ್ಲ."

"ಅಮ್ಮ, ಇಲ್ಲಿ ಒಬ್ಬರ ರೂಪದ ಬಗ್ಗೆ ಹಾಗೆಲ್ಲ ಮಾತಾಡಲ್ಲ."

"ನಮ್ಮಲ್ಲೂ ಕಂಡಕಂಡೋರ ಹತ್ರ ಮಾತಾಡಲ್ಲ ಕಣೇ. ನಿನಗೆ ಬೇಕಾದೋರು ಅಲ್ವಾ, ನಮ್ಮೋರೇ ಅಂದ್ಕೊಂಡೆ."

ಮಗಳು ಕಿಟಕಿಯ ಹೊರಗೆ ನೋಡಿದಳು. ಹೇಳಿದ್ದರೆ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೇನೋ ಎಂದು ಆಗ ಅನ್ನಿಸಿತು. ಅವರ ಜೊತೆ ಎರಡು ವರ್ಷ ಕೆಲಸ ಮಾಡಿಯೂ ಅದು ಗೊತ್ತಿರಲಿಲ್ಲ. ಅವರು ನಗುವಂಥದ್ದೇನನ್ನೂ ಅವಳು ಒಮ್ಮೆಯೂ ಹೇಳಿರಲಿಲ್ಲ.

ಉಳಿದ ದಿನಗಳಲ್ಲಿ ತಾಯಿ ಮೆಟ್ಟಿಲಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ಹೊರಗೆ ಹೋದರೆ ಮಗಳ ಹಿಂದೆ ಒಂದು ಹೆಜ್ಜೆ ಉಳಿದು ನಡೆದಳು. ಒಮ್ಮೆ ಮಗಳು ತನ್ನ ಕೂದಲು ಕತ್ತರಿಸಿಕೊಡೆಂದು ಕೇಳಿದಳು. ತಾಯಿ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ನಾಜೂಕಾಗಿ ಕತ್ತರಿಸಿದಳು. ಮಗಳ ತಲೆ ಒಮ್ಮೆಯೂ ಅಲ್ಲಾಡಲಿಲ್ಲ. ಕೂದಲು ಒಂದಿಷ್ಟೂ ಓರೆಯಾಗಲಿಲ್ಲ.

ತಾಯಿ ಊರಿಗೆ ಮರಳಿದ ಮೇಲೆ ಫೋನಿನ ಮಾತು ಆರೋಗ್ಯಕ್ಕೂ ಹವಾಮಾನಕ್ಕೂ ಇಳಿಯಿತು. ಪಾರ್ಲರಿನಲ್ಲಿ ಏನು ನಡೆಯಿತೆಂದು ಮಗಳು ಕೇಳಿದರೆ, "ಏನಿರುತ್ತೆ, ಅದೇ" ಎನ್ನುವಳು. ಮೊದಲೆಲ್ಲ ಫೋನಿನಲ್ಲಿ ಗಿರಾಕಿಗಳು ನಗುವುದು ಕೇಳಿಸುತ್ತಿರುತ್ತಿತ್ತು, ಈಗ ಅದೂ ಇಲ್ಲ. ಫೋನು ಎತ್ತಿದೊಡನೆ ತಾಯಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆಂದು ಅವಳಿಗೆ ತಡವಾಗಿ ಹೊಳೆಯಿತು.

ಒಂದು ಸಂಜೆ ತಾಯಿ ಕೇಳಿದಳು: "ಊಟ ಮಾಡಿದ್ರಾ?"

ಯಾರನ್ನು ಸೇರಿಸಿ ಕೇಳುತ್ತಿದ್ದಾಳೆಂದು ಮಗಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಅವಳೊಬ್ಬಳೇ ಇದ್ದಳು.

"ಆಯ್ತಮ್ಮ" ಎಂದಳು.

"ಸರಿ, ಹುಷಾರಾಗಿರಿ" ಎಂದು ತಾಯಿ ಫೋನು ಇಟ್ಟಳು.