ನೀರಿಗೆ ಬೆಂಕಿ ಹತ್ತತಾ, ಮಿಸ್?

ಆ ಮಳೆಗಾಲದಲ್ಲಿ ನನ್ನ ಸ್ಕೂಟರ್ ತಾಳಗುಂದದ ದಾರಿಯಲ್ಲಿ ಮೂರು ಸಲ ಕೈಕೊಟ್ಟಿತು. ಮೊದಲ ಎರಡು ಸಲ ಹೇಗೋ ಒದ್ದು ಸ್ಟಾರ್ಟ್ ಮಾಡಿದೆ. ಮೂರನೆಯ ಸಲ ಅದು ಮೆಕ್ಕೆಜೋಳದ ಹೊಲಗಳ ನಡುವೆ ಎರಡು ಬಾರಿ ಕೆಮ್ಮಿ ಸುಮ್ಮನಾಯಿತು. ಶಿಕಾರಿಪುರದಲ್ಲಿ ನನ್ನ ಮನೆ. ಆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆ ಇನ್ನೂ ಒಂದು ಕಿಲೋಮೀಟರ್ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ತಳ್ಳಿಕೊಂಡು ಹೊರಟೆ. ಎದುರು ಬಂದ ಮಕ್ಕಳೆಲ್ಲ "ನಮಸ್ತೆ ಮಿಸ್" ಎಂದು ಹಲ್ಲು ಬಿಟ್ಟು ಹೋದರೇ ಹೊರತು ಒಬ್ಬರೂ ಹಿಂದಿನಿಂದ ಕೈ ಹಚ್ಚಲಿಲ್ಲ.

ಶಾಲೆಯ ಕ್ರಾಸಿನಲ್ಲಿ ಒಂದು ಗ್ಯಾರೇಜ್ ಇದೆ. ನಾಲ್ಕು ತಗಡು, ಒಂದು ಹಲಗೆ, ಗಾಳಿ ಹೊಡೆಯುವ ಯಂತ್ರ, ಅಷ್ಟೇ. ಅದನ್ನು ನಡೆಸುವವರ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಕಿಟಕಿ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ, ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸಿನ ಕಪ್ಪು ಇರುತ್ತಿದ್ದ ಹುಡುಗಿ. ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಅವಳಾಡಿದ ಮಾತು "ಹಾಜರ್ ಮಿಸ್" ಒಂದೇ.

ಅವಳ ಅಪ್ಪ ಟ್ಯಾಂಕಿನ ಪೆಟ್ರೋಲನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದರು. ಒಳಗೆ ಎರಡು ಪದರ ಸ್ಪಷ್ಟವಾಗಿ ಕಾಣುತ್ತಿದ್ದವು.

"ನೋಡ್ರೀ ಮೇಡಂ, ಕೆಳಗೆ ನೀರು! ಬಂಕಿನೋರು ಬೆರೆಸಿ ಕೊಟ್ಟಾರ," ಎಂದರು.

ನಾನೂ ಬಂಕಿನವರನ್ನು ಮನಸಾರೆ ಬೈದೆ. ಅವರು ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್ ಹಾಕಿಕೊಟ್ಟರು. ವಿಷಯ ಮುಗಿಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮಿಸ್, ನೀರಿಗೆ ಬೆಂಕಿ ಹತ್ತತಾ?"

ನನ್ನ ಮುಂದೆ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಗುಡ್ಡೆ ಇತ್ತು. "ಬೆಂಕಿ ಆರಿಸೋಕೆ ನೀರು ಹಾಕ್ತೀವಲ್ಲ, ಮತ್ತೆ ಹೇಗೆ ಹತ್ತುತ್ತೆ? ಹೋಗಿ ಊಟ ಮಾಡು," ಎಂದೆ.

ಅವಳು ಕದಲಲಿಲ್ಲ. "ಹತ್ತತಿ ಮಿಸ್. ನಿಮ್ ಗಾಡಿ ನೀರಿಗೆ ಹತ್ತಿತು. ಬುಡದಾಗೆ ನೀಲಿ ಉರಿ ಇತ್ತು."

ಬಾಟಲಿಯ ಕೆಳಗಿನ ಪದರವನ್ನು ಒಂದು ಡಬ್ಬಿಯ ಮುಚ್ಚಳದಷ್ಟು ತೆಗೆದು, ಅಪ್ಪ ಚಹಾ ಕುಡಿಯಲು ಹೋದಾಗ ಅಂಗಡಿ ಹಿಂದೆ ಕಡ್ಡಿ ಗೀರಿದ್ದಳಂತೆ. ಗ್ಯಾರೇಜಿನಲ್ಲಿ ಬೆಂಕಿಯೊಡನೆ ಆಟವೇ ಎಂದು ಚೆನ್ನಾಗಿ ಬೈದೆ. ಬೈದದ್ದು ಸರಿಯೇ. ಆದರೆ ಕೊನೆಯಲ್ಲಿ, "ಇದೆಲ್ಲ ಪಾಠದಲ್ಲಿಲ್ಲ, ಪಾಠದಲ್ಲಿರೋದನ್ನ ಮೊದಲು ಓದು," ಎಂದೂ ಸೇರಿಸಿದೆ. ಅವಳು ತಲೆ ತಗ್ಗಿಸಿ ಹೊರಟುಹೋದಳು. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಹಿಡಿಸಲಿಲ್ಲ. ಚಿಕ್ಕವಳಿದ್ದಾಗ ನನಗೂ ಯಾರೋ ಇದನ್ನೇ ಹೇಳಿದ್ದರು. ಯಾವ ಪ್ರಶ್ನೆಗೆ ಎಂಬುದು ಮರೆತಿದೆ, ಹೇಳಿದ ಧಾಟಿ ಮಾತ್ರ ಮರೆತಿಲ್ಲ.

ಸಂಜೆ ಮನೆಗೆ ಬಂದವಳೇ ಸೊರಬದ ಗೆಳತಿಗೆ ಫೋನ್ ಮಾಡಿದೆ. ಬಿ.ಎಸ್ಸಿ.ಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಈಗ ಅವಳು ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ನಡೆದದ್ದನ್ನೆಲ್ಲ ಕೇಳಿ ಗಹಗಹಿಸಿ ನಕ್ಕಳು.

"ಎಂಥಾ ಹುಡುಗಿ ಮಾರಾಯ್ತಿ! ಅದಕ್ಕೆ ನೀನು ಬೈದು ಕಳ್ಸಿದ್ಯಾ?"

"ಬೈದೆ. ಈಗ ಹೇಳು, ನೀರು ಹೇಗೆ ಹತ್ತಿಕೊಂಡಿತು?"

"ಹೇಳೂದಿಲ್ಲ. ಶನಿವಾರ ಮಧ್ಯಾಹ್ನ ಅವಳನ್ನ ಕರ್ಕೊಂಡು ಬಾ. ಇಬ್ಬರೂ ಒಟ್ಟಿಗೇ ಹುಡುಕಿ. ನಿಂಗೆ ಮೊದ್ಲೇ ಹೇಳಿದ್ರೆ ನೀನು ಬಸ್ಸಲ್ಲೇ ನೋಟ್ಸ್ ಬರೆಸ್ತೀಯ, ನಂಗೆ ಗೊತ್ತಿಲ್ವಾ?"

ಫೋನ್ ಇಟ್ಟ ಮೇಲೆ ಸಿಟ್ಟೂ ಬಂತು, ನಗುವೂ ಬಂತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ಒಂಬತ್ತನೇ ತರಗತಿಗೆ ಹೋಗಿ ಪುಸ್ತಕ ತೆರೆಯದೆ ನಿಂತೆ. ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, "ನಿನ್ನೆ ಇವಳು ನನ್ನನ್ನ ಒಂದು ಪ್ರಶ್ನೆ ಕೇಳಿದ್ದಳು. ನಾನು ಕೊಟ್ಟ ಉತ್ತರ ತಪ್ಪು. ಸರಿಯಾದ ಉತ್ತರ ನನಗೆ ಇನ್ನೂ ಗೊತ್ತಿಲ್ಲ," ಎಂದೆ. ಹಿಂದಿನ ಬೆಂಚಿನಿಂದ ಯಾರೋ, "ಮಿಸ್‌ಗೂ ಗೊತ್ತಿಲ್ವಂತೆ!" ಎಂದು ಪಿಸುಗುಟ್ಟಿದ್ದು ನನಗೆ ಸರಿಯಾಗಿಯೇ ಕೇಳಿಸಿತು. ಆ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು. ಹುಡುಗಿಯ ಕಿವಿಗಳು ಮಾತ್ರ ಕೆಂಪಾಗಿದ್ದವು.

ಶನಿವಾರ ಅವಳ ಅಪ್ಪ ಗ್ಯಾರೇಜಿಗೆ ಪರದೆ ಎಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾವೂ ಬಸ್ ಹತ್ತಿದರು. "ಬಂಕಿನೋರು ಎಷ್ಟು ನೀರು ಬೆರೆಸ್ಯಾರ ಅಂತ ನಾನೂ ನೋಡ್ಬೇಕಲ್ರೀ," ಎಂದರು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಗೆಳತಿ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಬೆಂಕಿಪೆಟ್ಟಿಗೆಯನ್ನು ಕಾರಿಡಾರಿನಾಚೆ ಇರಿಸಿ ಕಾಯುತ್ತಿದ್ದಳು. ಅವತ್ತೇ ತರಿಸಿದ್ದ ಪೆಟ್ರೋಲನ್ನು ಒಂದು ಅಳತೆ ಜಾಡಿಗೆ ನಲವತ್ತರ ಗೆರೆಯವರೆಗೆ ಸುರಿದಳು. ಒಂದೇ ಪದರ, ಸ್ವಚ್ಛವಾಗಿತ್ತು. ಅದಕ್ಕೆ ಹುಡುಗಿಯ ಕೈಯಿಂದಲೇ ಹತ್ತು ಅಳತೆ ನೀರು ಹಾಕಿಸಿದಳು. ಮುಚ್ಚಿ ಅಲುಗಾಡಿಸಿ ಮೇಜಿನ ಮೇಲಿಟ್ಟಳು. ನಿಧಾನವಾಗಿ ಪದರಗಳು ಬೇರೆಯಾದವು. ಹುಡುಗಿ ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದಳು.

"ಮಿಸ್, ನೀರು ಬೆಳೀತು! ಹತ್ತು ಹಾಕಿದ್ನಿ, ಹದಿನೆಂಟರ ಹತ್ರ ಐತಿ."

ಅಪ್ಪ ನಂಬದೆ ಕನ್ನಡಕ ಹಾಕಿಕೊಂಡು ನೋಡಿದರು. ನಾನೂ ನೋಡಿದೆ. ಕೆಳಗಿನ ಪದರ ಹೌದೇ ಹೌದು, ಉಬ್ಬಿ ಕೂತಿತ್ತು.

"ಹಾಗಾದ್ರೆ ಮೇಲಿಂದು ಎಷ್ಟಿದೆ?" ಗೆಳತಿ ಕೇಳಿದಳು.

ಹುಡುಗಿ ಬೆರಳಿಟ್ಟು ಎಣಿಸಿದಳು. "ಮೂವತ್ತೆರಡರ ಹತ್ರ. ಮ್ಯಾಲೆ ಎಂಟು ಕಮ್ಮಿ ಆಗೈತಿ, ಕೆಳಗೆ ಎಂಟು ಜಾಸ್ತಿ ಆಗೈತಿ." ಸ್ವಲ್ಪ ಹೊತ್ತು ತುಟಿ ಕಚ್ಚಿ ಯೋಚಿಸಿದಳು. "ಮಿಸ್, ಪೆಟ್ರೋಲಿನಾಗೆ ಏನೋ ಒಂದು ಇತ್ತು. ಅದು ಪೆಟ್ರೋಲ್ ಬಿಟ್ಟು ನೀರಿನ ಜೊತಿ ಹೋಗೈತಿ."

"ಎಥೆನಾಲ್!" ಎಂದು ನಾನು ಕೂಗಿಬಿಟ್ಟೆ. ಗೆಳತಿ ನನ್ನತ್ತ ಕಣ್ಣು ಬಿಟ್ಟಳು. ತಡೆಯಲಾಗಲಿಲ್ಲ, ಏನು ಮಾಡುವುದು! ಪೆಟ್ರೋಲಿಗೆ ಈಗ ಐದರಲ್ಲೊಂದು ಪಾಲು ಎಥೆನಾಲ್, ಅಂದರೆ ಮದ್ಯಸಾರ, ಬೆರೆಸುತ್ತಾರೆಂದು ನಾನೂ ಪೇಪರಿನಲ್ಲಿ ಓದಿದ್ದೆ. ಓದಿದ್ದು ಪೇಪರಿನಲ್ಲೇ ಉಳಿದಿತ್ತು. ನನ್ನ ಸ್ಕೂಟರಿನ ಟ್ಯಾಂಕಿಗೆ ಇಳಿದಿರಲಿಲ್ಲ.

ಗೆಳತಿ ಪೆಟ್ರೋಲನ್ನು ಹೊರಗೆ ಸಾಗಿಸಿ ಬಂದು, ಅರ್ಧ ಎಥೆನಾಲ್ ಅರ್ಧ ನೀರು ಬೆರೆಸಿ, "ಯಾರಾದ್ರೂ ಒಂದು ಕರ್ಚೀಫ್ ಕೊಡಿ," ಎಂದಳು. ಅಪ್ಪ ಹೊಸ ಹತ್ತಿ ಕರ್ಚೀಫ್ ತೆಗೆದು ಕೊಟ್ಟರು. ಅದನ್ನು ಅದ್ದಿ, ಹಿಂಡಿ, ಚಿಮಟದಲ್ಲಿ ಹಿಡಿದು, ನಮ್ಮನ್ನೆಲ್ಲ ದೂರ ನಿಲ್ಲಿಸಿ ಬೆಂಕಿ ಹಚ್ಚಿದಳು. ಕರ್ಚೀಫ್ ಭಗ್ಗನೆ ಉರಿಯಿತು.

"ಅಯ್ಯೋ, ಹೋತಲ್ರೀ!" ಎಂದರು ಅಪ್ಪ.

ಉರಿ ಆರಿತು. ಗೆಳತಿ ಕರ್ಚೀಫ್ ಬಿಡಿಸಿ ತೋರಿಸಿದಳು. ಒದ್ದೆಯಾಗಿತ್ತು, ಒಂದು ಎಳೆಯೂ ಸುಟ್ಟಿರಲಿಲ್ಲ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಗಳ ಕೈಗೆ ಕೊಟ್ಟರು. "ಉರಿದಿದ್ದು ಎಥೆನಾಲ್. ನೀರು ಬಟ್ಟಿನ ಕಾಯ್ತು," ಎಂದಳು ಮಗಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅಪ್ಪ, ಶಿರಾಳಕೊಪ್ಪ ದಾಟಿದ ಮೇಲೆ, "ಮೇಡಂ, ನಿಮ್ ಟ್ಯಾಂಕಿನ ಮುಚ್ಚಳದ ರಬ್ಬರ್ ಹರಿದಿತ್ತು. ಮಳಿ ನೀರು ಅಲ್ಲಿಂದನ ಇಳಿದೈತಿ. ಬಂಕಿನ ಹುಡುಗರಿಗೆ ನಾನು ಸುಮ್ನ ಬೈದೆ," ಎಂದರು. ಮರುದಿನ ಬೆಳಿಗ್ಗೆ ಬಂಕಿಗೆ ಹೋಗಿ ಅವರೊಡನೆ ಚಹಾ ಕುಡಿದು ಬಂದರಂತೆ. ನನಗೆ ಹೊಸ ರಬ್ಬರ್ ಹಾಕಿಕೊಟ್ಟರು.

ಸೋಮವಾರ ಅವಳೇ ಕಪ್ಪುಹಲಗೆಯ ಮುಂದೆ ನಿಂತು ನಡೆದದ್ದನ್ನೆಲ್ಲ ತರಗತಿಗೆ ಹೇಳಿದಳು. ಮೊದಲು ಹಲಗೆಗೇ ಮುಖ ಮಾಡಿ ಹೇಳಿದಳು. ಕರ್ಚೀಫಿನ ಹೊತ್ತಿಗೆ ಕೈಕಾಲು ಬೀಸಿ ಹೇಳುತ್ತಿದ್ದಳು. ಎಥೆನಾಲ್ ಮೆಕ್ಕೆಜೋಳದಿಂದಲೂ ಬರುತ್ತದೆ ಎಂದು ನಾನು ಸೇರಿಸಿದ್ದೇ ತಡ, ಗದ್ದಲವೆದ್ದಿತು. ಅರ್ಧ ತರಗತಿಯ ಮನೆಗಳಲ್ಲಿ ಮೆಕ್ಕೆಜೋಳವೇ ಬೆಳೆ. "ನಮ್ಮನಿ ಜೋಳದಾಗೆ ಬೈಕ್ ಓಡತಾ ಮಿಸ್?" "ಜೋಳ ಹೆಂಗೆ ನೀರಾಗತೈತಿ?" ಪ್ರಶ್ನೆಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟೆವು. ಕೇಳಿದವರ ಹೆಸರು ಬರೆಯುವ ಕೆಲಸ ಆ ಹುಡುಗಿಯದು. ಬೆಂಕಿಕಡ್ಡಿ ನನ್ನ ಎದುರಿಗಷ್ಟೇ ಗೀರತಕ್ಕದ್ದು ಎಂಬ ನಿಯಮವನ್ನು ಮೊದಲ ಪುಟದಲ್ಲಿ ಅವಳೇ ದಪ್ಪಕ್ಷರದಲ್ಲಿ ಬರೆದಳು.

ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಅದನ್ನು ಸಕ್ಕರೆಯಾಗಿಸಲು ಮೊಳಕೆ ರಾಗಿಯ ಹಿಟ್ಟು ಬೆರೆಸಿ, ಸಕ್ಕರೆಯನ್ನು ಎಥೆನಾಲ್ ಮಾಡಲು ಬೇಕರಿಯಿಂದ ತಂದ ಈಸ್ಟ್ ಹಾಕಿ, ಬಾಟಲಿಯ ಬಾಯಿಗೆ ಬಲೂನ್ ಕಟ್ಟಿದೆವು. ಮರುದಿನಕ್ಕೆ ಬಲೂನ್ ತಲೆಯೆತ್ತಿತು. ಮೂರನೆಯ ದಿನ ಮುಖ್ಯೋಪಾಧ್ಯಾಯರು ಗಣಿತ ತೆಗೆದುಕೊಳ್ಳುತ್ತಿದ್ದಾಗ ಅದು ಬಾಟಲಿಯ ಬಾಯಿಂದ ಹಾರಿಹೋಯಿತು. ಕೋಣೆಯ ತುಂಬ ಹುಳಿ ಹುಳಿ ವಾಸನೆ.

ನನಗೆ ಆ ಕೋಣೆಗೇ ಕರೆ ಬಂತು. "ಅಲ್ರೀ ಮೇಡಂ, ಸಾಲಿಯೊಳಗೆ ಹೆಂಡದ ವಾಸನೆ ಬಂದ್ರೆ ಊರಾಗ ನಾನು ಏನಂತ ಹೇಳ್ಲಿ?" ಎಂದು ಅವರು ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಇಲ್ಲಿ ಬಟ್ಟಿ ಇಳಿಸುವುದಿಲ್ಲ, ಅದು ಕಾನೂನಿಗೆ ವಿರುದ್ಧ; ಬಲೂನ್ ಉಬ್ಬುವುದನ್ನು ನೋಡಿ ಚೆಲ್ಲಿಬಿಡುತ್ತೇವೆ ಎಂದು ಮಾತು ಕೊಟ್ಟೆ. ಅವರು ಬಾಟಲಿಯನ್ನು ಹೊರಗೆ ಇಡಲು ತಾವೇ ಎತ್ತಿಕೊಂಡರು. ಎತ್ತಿಕೊಂಡವರು ಹಾಗೇ ನಿಂತರು.

"ಇದು ಬೆಚ್ಚಗೈತಲ್ರೀ!"

ನಾನು ಪಕ್ಕದ ನೀರಿನ ಬಾಟಲಿಯನ್ನು ಕೊಟ್ಟೆ. ಒಂದನ್ನು ಈ ಕೈಯಲ್ಲಿ, ಇನ್ನೊಂದನ್ನು ಆ ಕೈಯಲ್ಲಿ ಹಿಡಿದು ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. "ಒಲಿ ಇಲ್ಲ, ಬಿಸಲಿಲ್ಲ. ಮತ್ತೆ ಇದು ಹೆಂಗ ಬೆಚ್ಚಗಾತು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ನೋಟ್‌ಬುಕ್ ಬಿಡಿಸಿ, "ಸರ್, ನಿಮ್ ಹೆಸರಿಗೆ ಬರ್ಕೊಳ್ಲಾ?" ಎಂದಳು.

ಅವರು ಒಂದು ಕ್ಷಣ ಸುತ್ತ ನೋಡಿದರು. "ಬರ್ಕೋ," ಎಂದು ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಥರ್ಮಾಮೀಟರ್ ಎಲ್ಲಿದೆ ಎಂದು ಕೇಳಿದರು.